ಜಿಆರ್‌ಇ ವರ್ಬಲ್: ಪರೀಕ್ಷೆಗೆ ಮೂರು ವಾರ ಇರುವಾಗ ಅಂಕ ಏರುವುದು ಹೇಗೆ?

ನಮ್ಮ ಅಕ್ಕನ ಮಗಳು ಒಂದು ಭಾನುವಾರ ತಿಂಡಿ ಹೊತ್ತಿಗೆ ಮನೆಗೆ ಬಂದಳು. ಕೈಯಲ್ಲೊಂದು ದಪ್ಪ ಪುಸ್ತಕ. ಅದರ ತುಂಬಾ ಇಂಗ್ಲಿಷ್ ಪದಗಳು, ಮೂರೂವರೆ ಸಾವಿರ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಕೋರ್ಸ್‌ಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಉಳಿದಿದ್ದು ಇಪ್ಪತ್ತೆರಡು ದಿನ. ಹಿಂದಿನ ದಿನ ಬರೆದ ಅಭ್ಯಾಸ ಪರೀಕ್ಷೆಯಲ್ಲಿ ಗಣಿತಕ್ಕೆ 165 ಬಂದಿತ್ತು, ವರ್ಬಲ್‌ಗೆ 147.

"ಚಿಕ್ಕಮ್ಮ, ದಿನಕ್ಕೆ ನೂರಾ ಅರವತ್ತು ಪದ ಬಾಯಿಪಾಠ ಮಾಡಿದ್ರೆ ಮುಗಿಯುತ್ತೆ ಅಲ್ವಾ?"

ಪುಸ್ತಕ ತೆರೆದು ನೋಡಿದೆ. ಎ ಅಕ್ಷರದ ಪುಟಗಳಲ್ಲಿ ಗೆರೆಯ ಮೇಲೆ ಗೆರೆ ಎಳೆದಿದ್ದಳು. ಬಿ ಅಕ್ಷರಕ್ಕೆ ಬರುವಷ್ಟರಲ್ಲಿ ಗೆರೆಗಳು ಕಡಿಮೆಯಾಗಿದ್ದವು. ಸಿ ಅಕ್ಷರದಿಂದ ಮುಂದೆ ಪುಟಗಳು ಹೊಚ್ಚ ಹೊಸದಾಗಿದ್ದವು.

ಪುಸ್ತಕ ಬದಿಗಿಟ್ಟು, ಅವಳು ತಪ್ಪು ಮಾಡಿದ್ದ ಪ್ರಶ್ನೆಗಳನ್ನು ಇಬ್ಬರೂ ಕೂತು ಒಂದೊಂದಾಗಿ ನೋಡಿದೆವು. ಹದಿನೈದು ತಪ್ಪು. ಅದರಲ್ಲಿ ಪದ ಗೊತ್ತಿಲ್ಲದೆ ತಪ್ಪಾಗಿದ್ದು ನಾಲ್ಕೇ. ಉಳಿದ ಹನ್ನೊಂದರಲ್ಲಿ ಪದಗಳೆಲ್ಲ ಅವಳಿಗೆ ಗೊತ್ತಿದ್ದವು. ವಾಕ್ಯ ಎತ್ತ ತಿರುಗಿತು ಅನ್ನುವುದು ಕೈತಪ್ಪಿತ್ತು.

ಆಗಸ್ಟ್‌ನಿಂದ ನವೆಂಬರ್‌ವರೆಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ಆತಂಕ ಇರುತ್ತದೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಕೋರ್ಸ್‌ಗೆ ಅರ್ಜಿ ಹಾಕುವ ಕೊನೆಯ ದಿನ ಡಿಸೆಂಬರ್, ಜನವರಿಯ ಸುಮಾರಿಗೆ ಬರುತ್ತದೆ. ಪಿಯುಸಿ, ಎಂಜಿನಿಯರಿಂಗ್ ಓದಿದವರಿಗೆ ಗಣಿತದ ಭಾಗ ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ವರ್ಬಲ್. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗಂತೂ ಅದರ ಹೆಸರು ಕೇಳಿದರೇ ಎದೆ ಡವಗುಟ್ಟುತ್ತದೆ. ಉಳಿದಿರುವ ಮೂರು ವಾರದಲ್ಲಿ ಏನು ಸಾಧ್ಯ, ಏನು ಸಾಧ್ಯವಿಲ್ಲ ಅನ್ನುವುದನ್ನು ಮೊದಲಿಂದ ನೋಡೋಣ.

ಏನಿದು ವರ್ಬಲ್?

ಜಿಆರ್‌ಇ ನಡೆಸುವುದು ಇಟಿಎಸ್ ಎಂಬ ಅಮೆರಿಕದ ಸಂಸ್ಥೆ. ಅದು ಹುಟ್ಟಿದ್ದು 1947ರಲ್ಲಿ. ಪರೀಕ್ಷೆಯಲ್ಲಿ ಮೂರು ಭಾಗ ಇವೆ: ಒಂದು ಪ್ರಬಂಧ, ವರ್ಬಲ್, ಗಣಿತ. ವರ್ಬಲ್ ಅಂದರೆ ಇಂಗ್ಲಿಷ್ ವ್ಯಾಕರಣದ ಪರೀಕ್ಷೆ ಅಲ್ಲ. ಮಾತಾಡುವ ಪರೀಕ್ಷೆಯೂ ಅಲ್ಲ. ಬರೆದಿರುವುದನ್ನು ಓದಿ, ಅದು ನಿಜವಾಗಿ ಏನು ಹೇಳುತ್ತಿದೆ ಎಂದು ಹಿಡಿಯುವ ಪರೀಕ್ಷೆ.

ವರ್ಬಲ್‌ನಲ್ಲಿ ಎರಡು ಸುತ್ತು. ಮೊದಲನೆಯದರಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15. ಒಟ್ಟು 27 ಪ್ರಶ್ನೆ, 41 ನಿಮಿಷ. ಈ ಚಿಕ್ಕ ರೂಪ ಬಂದಿದ್ದು 2023ರ ಸೆಪ್ಟೆಂಬರ್ 22ರಿಂದ. ಅದಕ್ಕೆ ಮುಂಚೆ ಇಡೀ ಪರೀಕ್ಷೆ ಮೂರೂಮುಕ್ಕಾಲು ಗಂಟೆ ಇತ್ತು, ಈಗ ಎರಡು ಗಂಟೆಗೂ ಎರಡು ನಿಮಿಷ ಕಡಿಮೆ. ಸೀನಿಯರ್‌ಗಳು ಕೊಟ್ಟ ಹಳೆಯ ಪುಸ್ತಕದಲ್ಲಿ ‘30 ನಿಮಿಷಕ್ಕೆ 20 ಪ್ರಶ್ನೆ’ ಅಂತ ಇದ್ದರೆ ಆ ಲೆಕ್ಕ ಬಿಟ್ಟುಬಿಡಿ. ವಿರುದ್ಧ ಪದ ಬರೆಯಿರಿ, ಪದಜೋಡಿ ಹೊಂದಿಸಿ ಅನ್ನುವಂಥ ಪ್ರಶ್ನೆಗಳು ಕಂಡರೆ ಅದು ಇನ್ನೂ ಹಳೆಯ ಪುಸ್ತಕ. ಅವನ್ನು 2011ರಲ್ಲೇ ತೆಗೆದುಹಾಕಿದ್ದಾರೆ. ಸಾವಿರಾರು ಪದ ಉರುಹೊಡೆಯುವ ಅಭ್ಯಾಸ ಬೆಳೆದಿದ್ದೇ ಆ ಕಾಲದಲ್ಲಿ. ಪ್ರಶ್ನೆ ಹೋಯಿತು, ಅಭ್ಯಾಸ ಮಾತ್ರ ಉಳಿದುಕೊಂಡಿತು.

ಅಂಕ 130ರಿಂದ ಶುರುವಾಗಿ 170ಕ್ಕೆ ಮುಗಿಯುತ್ತದೆ. ಅಂದರೆ 147 ಅಂದರೆ ನೂರಕ್ಕೆ ಇಷ್ಟು ಅನ್ನುವ ಲೆಕ್ಕವಲ್ಲ. ಅಂಕದ ಪಕ್ಕದಲ್ಲಿ ಪರ್ಸೆಂಟೈಲ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಪರೀಕ್ಷೆ ಬರೆದವರನ್ನೆಲ್ಲ ಅಂಕದ ಪ್ರಕಾರ ಒಂದು ಸಾಲಿನಲ್ಲಿ ನಿಲ್ಲಿಸಿದರೆ, ನೂರಕ್ಕೆ ಎಷ್ಟು ಜನ ನಿಮ್ಮ ಹಿಂದೆ ಇದ್ದಾರೆ ಅನ್ನುವುದೇ ಅದು. ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ವರ್ಬಲ್‌ನಲ್ಲಿ 160 ಬಂದರೆ ನೂರರಲ್ಲಿ 80ಕ್ಕೂ ಹೆಚ್ಚು ಜನ ನಿಮ್ಮ ಹಿಂದೆ ಇರುತ್ತಾರೆ. ಗಣಿತದಲ್ಲಿ ಅದೇ 160 ಬಂದರೆ ನೀವು ಹೆಚ್ಚುಕಡಿಮೆ ಸಾಲಿನ ನಡುವೆ ನಿಂತಿರುತ್ತೀರಿ. ಹಾಗಾಗಿ ಗಣಿತದ ಅಂಕದ ಪಕ್ಕ ಇಟ್ಟು ವರ್ಬಲ್ ಅಂಕವನ್ನು ಅಳೆದು ಬೇಜಾರಾಗಬೇಡಿ. ಎರಡಕ್ಕೂ ಅಳತೆಗೋಲು ಬೇರೆ.

ಎರಡನೇ ಸುತ್ತು ಯಾಕೆ ಕಷ್ಟ ಅನ್ನಿಸುತ್ತದೆ?

ಸೀರೆ ಅಂಗಡಿಗೆ ಹೋದಾಗ ಏನಾಗುತ್ತದೆ? ಅಂಗಡಿಯವರು ಮೊದಲು ನಾಲ್ಕೈದು ಸೀರೆ ಬಿಚ್ಚಿ ತೋರಿಸುತ್ತಾರೆ. ನೀವು ಯಾವುದನ್ನು ಮುಟ್ಟಿ ನೋಡಿದಿರಿ, ಯಾವುದನ್ನು ತಳ್ಳಿದಿರಿ ಅಂತ ಗಮನಿಸುತ್ತಾರೆ. ಆಮೇಲೆ ಕಪಾಟಿನಿಂದ ಬರುವ ಕಟ್ಟು ಅದಕ್ಕೆ ತಕ್ಕಂತೆ ಇರುತ್ತದೆ. ಜಿಆರ್‌ಇ ಮಾಡುವುದೂ ಇದನ್ನೇ. ಮೊದಲ ಸುತ್ತಿನಲ್ಲಿ ಎಲ್ಲ ಮಟ್ಟದ ಪ್ರಶ್ನೆಗಳೂ ಕಲೆತಿರುತ್ತವೆ. ಅದರಲ್ಲಿ ನೀವು ಹೇಗೆ ಮಾಡಿದಿರಿ ಅನ್ನುವುದರ ಮೇಲೆ ಎರಡನೇ ಸುತ್ತು ಕಷ್ಟದ್ದೋ ಸುಲಭದ್ದೋ ಅಂತ ಕಂಪ್ಯೂಟರ್ ನಿರ್ಧರಿಸುತ್ತದೆ.

ಎರಡನೇ ಸುತ್ತು ಗಟ್ಟಿ ಅನ್ನಿಸಿದರೆ ಗಾಬರಿಯಾಗಬೇಡಿ. ಮೊದಲನೆಯದನ್ನು ಚೆನ್ನಾಗಿ ಮಾಡಿದವರಿಗೇ ಕಷ್ಟದ ಕಟ್ಟು ಬರುವುದು. ಇನ್ನೊಂದು ಮಾತು, ಇದನ್ನು ಎಷ್ಟೋ ಜನ ಕಡೆಯವರೆಗೂ ತಿಳಿದುಕೊಂಡಿರುವುದಿಲ್ಲ: ಒಂದು ಸುತ್ತಿನೊಳಗೆ ಎಲ್ಲ ಪ್ರಶ್ನೆಗೂ ತೂಕ ಒಂದೇ. ನಾಲ್ಕು ನಿಮಿಷ ಹೆಣಗಾಡಿ ಬಿಡಿಸಿದ ಪ್ರಶ್ನೆಗೂ, ನಲವತ್ತು ಸೆಕೆಂಡಿನಲ್ಲಿ ಮುಗಿಸಿದ ಪ್ರಶ್ನೆಗೂ ಸಿಗುವುದು ಒಂದೇ ಬೆಲೆ.

ಖಾಲಿ ಜಾಗ ತುಂಬುವುದು: ತಿರುವು ಎಲ್ಲಿದೆ?

ಪ್ರಶ್ನೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಗದ್ಯ ಓದಿ ಉತ್ತರಿಸುವಂಥವು. ಉಳಿದ ಅರ್ಧ ಖಾಲಿ ಜಾಗ ತುಂಬುವವು. ಇದರಲ್ಲಿ ಎರಡು ಜಾತಿ. ಟೆಕ್ಸ್ಟ್ ಕಂಪ್ಲೀಶನ್‌ನಲ್ಲಿ ಒಂದರಿಂದ ಮೂರು ಖಾಲಿ ಜಾಗ ಇರುತ್ತವೆ. ಸೆಂಟೆನ್ಸ್ ಈಕ್ವಿವಲೆನ್ಸ್‌ನಲ್ಲಿ ಖಾಲಿ ಜಾಗ ಒಂದೇ, ಆದರೆ ಆರು ಪದಗಳಲ್ಲಿ ಎರಡನ್ನು ಆರಿಸಬೇಕು. ಆ ಎರಡರಲ್ಲಿ ಯಾವುದನ್ನಿಟ್ಟರೂ ವಾಕ್ಯ ಒಂದೇ ಅರ್ಥ ಕೊಡಬೇಕು.

ಇಂಗ್ಲಿಷ್ ಭಯ ಬದಿಗಿಟ್ಟು ಇದನ್ನು ಕನ್ನಡದಲ್ಲೇ ಒಮ್ಮೆ ಮಾಡಿ ನೋಡೋಣ.

‘ಬೀದಿಯವರ ಜೊತೆಯೆಲ್ಲ ನಗುನಗುತ್ತಾ ಹರಟುವ ಅಣ್ಣ, ಅಪ್ಪನ ಮುಂದೆ ಮಾತ್ರ ______ ಆಗಿಬಿಡುತ್ತಿದ್ದ.’

ಪದಗಳು: ಮೌನಿ, ಮಾತುಗಾರ, ಜಿಪುಣ, ಮೂಕ, ವಾಚಾಳಿ, ಸೋಮಾರಿ.

ಉತ್ತರ ಮೌನಿ ಮತ್ತು ಮೂಕ. ನಿಮಗೆ ಒಂದು ಕ್ಷಣವೂ ಬೇಕಾಗಲಿಲ್ಲ ಅಲ್ವಾ? ಯಾಕೆ ಅಂತ ಯೋಚಿಸಿ. ‘ಮಾತ್ರ’ ಅನ್ನುವ ಎರಡಕ್ಷರ ಕಿವಿಗೆ ಬಿದ್ದ ಕೂಡಲೇ ವಾಕ್ಯ ತಿರುಗಿತು ಅಂತ ಗೊತ್ತಾಯಿತು. ಪದಗಳನ್ನು ನೋಡುವ ಮೊದಲೇ ‘ಇಲ್ಲಿ ಮಾತಾಡದವನು ಅನ್ನುವ ಅರ್ಥ ಬರಬೇಕು’ ಅಂತ ಮನಸ್ಸು ಹೇಳಿತ್ತು. ಈಗ ಇನ್ನೊಮ್ಮೆ ಆ ಆರು ಪದ ನೋಡಿ. ಮಾತುಗಾರ, ವಾಚಾಳಿ ಕೂಡ ಒಂದೇ ಅರ್ಥದ ಜೋಡಿ. ವಾಕ್ಯ ಓದದೆ ಬರೀ ಜೋಡಿ ಹುಡುಕಿದವರಿಗೆ ಅದು ಬಲೆ. ಜಿಪುಣ, ಸೋಮಾರಿಗೆ ಜೊತೆಯೇ ಇಲ್ಲ. ಜೊತೆಯಿಲ್ಲದ ಪದ ಎಷ್ಟೇ ಚೆನ್ನಾಗಿ ಕೂತರೂ ಉತ್ತರವಾಗಲಾರದು. ಪರೀಕ್ಷೆಯಲ್ಲಿ ಈ ಬಲೆಗಳನ್ನು ಹೆಣೆಯುವುದು ಹೀಗೇ.

ಇಂಗ್ಲಿಷ್‌ನಲ್ಲಿ ಈ ‘ಮಾತ್ರ’ದ ಕೆಲಸ ಮಾಡುವ ಪದಗಳು ಬೆರಳೆಣಿಕೆಯಷ್ಟು: ಆಲ್‌ದೋ, ಡಿಸ್ಪೈಟ್, ಹೌಎವರ್, ಯೆಟ್, ವೈಲ್, ರಾದರ್ ದ್ಯಾನ್. ಇವು ಕಂಡರೆ ವಾಕ್ಯ ತಿರುಗುತ್ತದೆ. ಇಂಡೀಡ್, ದೇರ್‌ಫೋರ್, ಸಿನ್ಸ್, ಮೋರೋವರ್ ಕಂಡರೆ ಹೋಗುತ್ತಿದ್ದ ದಾರಿಯಲ್ಲೇ ಮುಂದೆ ಹೋಗುತ್ತದೆ. ಅಪೂರ್ಣ ವಿರಾಮ, ಅಂದರೆ ಎರಡು ಚುಕ್ಕಿ, ಬಂದರೆ ಹಿಂದೆ ಹೇಳಿದ್ದನ್ನೇ ಮುಂದೆ ಬಿಡಿಸಿ ಹೇಳುತ್ತಾರೆ. ಈ ಪಟ್ಟಿಯನ್ನು ಕಲಿಯಲು ಒಂದು ಸಂಜೆ ಸಾಕು. ಮೂರೂವರೆ ಸಾವಿರ ಪದಕ್ಕಿಂತ ಇದಕ್ಕೆ ಬೆಲೆ ಜಾಸ್ತಿ.

ಎರಡು ತಿರುವುಗಳು ನಮ್ಮವರನ್ನು ಹೆಚ್ಚು ಕೆಡವುತ್ತವೆ. ಮೊದಲನೆಯದು ‘ಫಾರ್ ಫ್ರಮ್’. ದೂರ ಅನ್ನುವ ಅರ್ಥ ತಲೆಗೆ ಬಂದು ಗೊಂದಲವಾಗುತ್ತದೆ. ಆದರೆ ಕನ್ನಡದಲ್ಲಿ ನಾವು ದಿನಾ ಇದನ್ನೇ ಆಡುತ್ತೇವೆ: ‘ಹೊಗಳುವುದು ಹಾಗಿರಲಿ, ತಿರುಗಿಯೂ ನೋಡಲಿಲ್ಲ.’ ಆ ‘ಹಾಗಿರಲಿ’ಯೇ ‘ಫಾರ್ ಫ್ರಮ್’. ಮೊದಲ ಭಾಗದಲ್ಲಿ ಹೊಗಳಿಕೆ ಇದ್ದರೆ ಎರಡನೆಯದರಲ್ಲಿ ಅದಕ್ಕೆ ತದ್ವಿರುದ್ಧವಾದದ್ದು ಇರಬೇಕು.

ಎರಡನೆಯದು ಇಮ್ಮಡಿ ನಿಷೇಧ. ‘ನಾಟ್ ಅನವೇರ್’, ‘ಹಾರ್ಡ್ಲಿ ಅನ್‌ಕಾಮನ್’ ಅಂತೆಲ್ಲ ಬರುತ್ತದೆ. ಗಡಿಯಾರ ಓಡುತ್ತಿರುವಾಗ ಕಣ್ಣು ಒಂದು ‘ಇಲ್ಲ’ವನ್ನು ನುಂಗಿಬಿಡುತ್ತದೆ, ಉತ್ತರ ತಲೆಕೆಳಗಾಗುತ್ತದೆ. ‘ಅವನಿಗೆ ಗೊತ್ತಿಲ್ಲದೇನಲ್ಲ’ ಅಂತ ಅಜ್ಜಿ ಹೇಳಿದರೆ ಅವನಿಗೆ ಗೊತ್ತಿದೆ ಅಂತ ತಾನೇ ಅರ್ಥ? ಇಂಥ ವಾಕ್ಯ ಬಂದಾಗ ಮನಸ್ಸಿನಲ್ಲೇ ಕನ್ನಡಕ್ಕೆ ತಂದು ಎರಡೂ ನಿಷೇಧ ಕಳೆದುಬಿಡಿ. ಒಂದೆರಡು ಸೆಕೆಂಡಿನ ಕೆಲಸ.

ಒಟ್ಟಿನಲ್ಲಿ ಮಾಡಬೇಕಾದದ್ದು ಹೀಗೆ. ಪದಗಳನ್ನು ಕೈಯಿಂದ ಮುಚ್ಚಿಕೊಳ್ಳಿ. ವಾಕ್ಯ ಓದಿ. ತಿರುವು ಹುಡುಕಿ. ಖಾಲಿ ಜಾಗಕ್ಕೆ ನಿಮ್ಮದೇ ಸರಳ ಪದ ಒಂದನ್ನು ಹಾಕಿ, ಕನ್ನಡದ್ದಾದರೂ ಸರಿ. ಆಮೇಲೆ ಕೈ ತೆಗೆದು ಅದಕ್ಕೆ ಹತ್ತಿರದ್ದು ಯಾವುದು ನೋಡಿ. ಎರಡು ಮೂರು ಖಾಲಿ ಇದ್ದರೆ ಮೊದಲನೆಯದರಿಂದಲೇ ಶುರು ಮಾಡಬೇಕು ಅಂತ ನಿಯಮವೇನಿಲ್ಲ. ಯಾವುದಕ್ಕೆ ಸುಳಿವು ಗಟ್ಟಿಯಾಗಿದೆಯೋ ಅಲ್ಲಿಂದ ಹೊರಡಿ. ಮೊದಲ ನಾಲ್ಕು ದಿನ ಇದು ನಿಧಾನ ಅನ್ನಿಸುತ್ತದೆ. ಅಕ್ಕನ ಮಗಳು ಒಂದು ಪೋಸ್ಟ್ ಕಾರ್ಡ್ ಇಟ್ಟುಕೊಂಡು ಉತ್ತರಗಳನ್ನು ಮುಚ್ಚಿ ಅಭ್ಯಾಸ ಮಾಡಿದಳು. ಐದನೇ ದಿನದ ಹೊತ್ತಿಗೆ ಕಾರ್ಡ್ ಬೇಕಾಗಲಿಲ್ಲ. ಕಣ್ಣೇ ತಡೆದುಕೊಳ್ಳುವುದನ್ನು ಕಲಿತಿತ್ತು.

ಗದ್ಯ ಓದುವುದು: ಯಾರು ಹೇಳಿದ್ದು?

ಗದ್ಯ ಭಾಗಗಳಲ್ಲಿ ಹೆಚ್ಚಿನವು ಒಂದೇ ಪ್ಯಾರಾದವು. ವಿಷಯ ಜೀವಶಾಸ್ತ್ರ ಇರಬಹುದು, ಚರಿತ್ರೆ ಇರಬಹುದು, ಸಂಗೀತ ಇರಬಹುದು. ಆ ವಿಷಯ ಮೊದಲೇ ಗೊತ್ತಿರಬೇಕಾಗಿಲ್ಲ. ಗೊತ್ತಿದ್ದರೆ ಕೆಲವೊಮ್ಮೆ ಅದೇ ತೊಂದರೆ. ಹೇಗೆ ಅಂತ ಈ ಉದಾಹರಣೆಯಲ್ಲಿ ನೋಡಿ, ನಾನೇ ಬರೆದದ್ದು:

‘ನಮ್ಮ ಹಳೆಯ ಕೆರೆಗಳನ್ನು ಕುಡಿಯುವ ನೀರಿಗಾಗಿಯೇ ಕಟ್ಟಿದರು ಎಂದು ಹಲವರು ನಂಬಿದ್ದಾರೆ. ಜನ ಅಲ್ಲಿಂದ ನೀರು ಹೊತ್ತಿದ್ದು ನಿಜ. ಆದರೆ ಏರಿಯ ತೂಬು, ಅದರ ಕೆಳಗಿನ ಕಾಲುವೆ, ಅಚ್ಚುಕಟ್ಟಿನ ಗದ್ದೆಗಳನ್ನು ನೋಡಿದ ಮೇಲೆ ಬೇಸಾಯವನ್ನು ಬದಿಗಿಟ್ಟು ಕೆರೆಯ ಕಥೆ ಹೇಳಲಾಗದು.’

ಬರೆದವರು ಯಾವ ಮಾತನ್ನು ಒಪ್ಪುತ್ತಾರೆ?

ಒಂದು, ಕೆರೆಗಳನ್ನು ಬೇಸಾಯಕ್ಕಾಗಿ ಮಾತ್ರ ಕಟ್ಟಿದರು.
ಎರಡು, ಕೆರೆಗಳ ಉದ್ದೇಶದ ಬಗ್ಗೆ ಇರುವ ನಂಬಿಕೆ ಪೂರ್ತಿ ಸರಿಯಲ್ಲ.
ಮೂರು, ಕೆರೆಗಳಿಂದ ಅಂತರ್ಜಲ ಹೆಚ್ಚುತ್ತದೆ.
ನಾಲ್ಕು, ಕೆರೆಯ ನೀರನ್ನು ಜನ ಕುಡಿಯುತ್ತಿರಲಿಲ್ಲ.

ಮೂರನೆಯದು ಲೋಕದಲ್ಲಿ ನಿಜ. ಆದರೆ ಈ ಪ್ಯಾರಾದಲ್ಲಿ ಅಂತರ್ಜಲದ ಮಾತೇ ಇಲ್ಲ. ವಿಷಯ ಗೊತ್ತಿದ್ದವರು ಜಾರುವುದು ಇಲ್ಲೇ. ಒಂದನೆಯದು ಹತ್ತಿರ ಬಂದಿತ್ತು, ‘ಮಾತ್ರ’ ಅನ್ನುವ ಪದ ಅದನ್ನು ಕೆಡಿಸಿತು. ನಾಲ್ಕನೆಯದಕ್ಕೆ ಎರಡನೇ ವಾಕ್ಯವೇ ಅಡ್ಡ ಬರುತ್ತದೆ. ಉಳಿದದ್ದು ಎರಡನೆಯದು. ಸ್ವಲ್ಪ ಸಪ್ಪೆಯಾಗಿದೆ, ಎಚ್ಚರದಿಂದ ಆಡಿದ ಮಾತಿನ ಹಾಗಿದೆ. ಸರಿಯುತ್ತರಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ಓನ್ಲಿ, ಆಲ್ವೇಸ್, ನೆವರ್ ಥರದ ಕಡುಮಾತು ಕಂಡರೆ ಪ್ಯಾರಾಕ್ಕೆ ವಾಪಸ್ ಹೋಗಿ, ಅಲ್ಲೂ ಅಷ್ಟೇ ಕಡುವಾಗಿ ಹೇಳಿದ್ದಾರಾ ಅಂತ ನೋಡಿ.

ಇನ್ನೊಂದು ಗಮನಿಸಿ. ಆ ಮೂರು ವಾಕ್ಯದಲ್ಲಿ ಎರಡು ದನಿ ಇತ್ತು. ಮೊದಲನೆಯದು ‘ಹಲವರ’ ದನಿ. ‘ಆದರೆ’ ಆದ ಮೇಲೆ ಬರೆದವರ ದನಿ. ಜಿಆರ್‌ಇ ಗದ್ಯದಲ್ಲಿ ಮತ್ತೆ ಮತ್ತೆ ಕಾಣುವ ಕಟ್ಟು ಇದು: ಕೆಲವರು ಹೀಗೆ ಅಂದಿದ್ದಾರೆ, ಹೊಸ ಪುರಾವೆ ಬೇರೆ ಹೇಳುತ್ತದೆ. ಓದುತ್ತಾ ಹೋಗುವಾಗ ರಫ್ ಹಾಳೆಯ ಮೇಲೆ ‘ಅವರು’, ‘ಇವರು’ ಅಂತ ಎರಡೇ ಪದ ಬರೆದು ಪಕ್ಕದಲ್ಲಿ ಒಂದೊಂದು ಸಾಲು ಗೀಚಿಕೊಂಡರೆ, ಅವರ ಮಾತನ್ನು ಇವರ ಬಾಯಿಗೆ ತುರುಕುವ ತಪ್ಪು ತಪ್ಪುತ್ತದೆ.

ಮೂರು ಆಯ್ಕೆ ಕೊಟ್ಟು ‘ಸರಿಯಾದವೆಲ್ಲ ಆರಿಸಿ’ ಅನ್ನುವ ಪ್ರಶ್ನೆಗಳೂ ಬರುತ್ತವೆ. ಅಲ್ಲಿ ಒಂದನ್ನು ಇನ್ನೊಂದರ ಜೊತೆ ಹೋಲಿಸಬೇಡಿ. ಪ್ರತಿಯೊಂದನ್ನೂ ಪ್ಯಾರಾದ ಜೊತೆ ಬೇರೆ ಬೇರೆಯಾಗಿ ಇಟ್ಟು ಹೌದೋ ಅಲ್ಲವೋ ಅಂತ ನಿರ್ಧರಿಸಿ.

ಹಾಗಾದರೆ ಪದಗಳು ಬೇಡವಾ?

ಬೇಕು. ಆದರೆ ಮೂರು ವಾರಕ್ಕೆ ತಕ್ಕಷ್ಟು. ದಿನಕ್ಕೆ ಹದಿನೈದರಂತೆ ಹದಿನೆಂಟು ದಿನಕ್ಕೆ 270 ಪದ. ಇಷ್ಟನ್ನು ನಿಜವಾಗಿ ಉಳಿಸಿಕೊಳ್ಳಬಹುದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವವರು 1885ರಲ್ಲೇ ತಮ್ಮ ಮೇಲೇ ಪ್ರಯೋಗ ಮಾಡಿ ಒಂದು ಸಂಗತಿ ತೋರಿಸಿದ್ದರು. ಹೊಸದಾಗಿ ಬಾಯಿಪಾಠ ಮಾಡಿದ್ದರಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆ, ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ. ಬಿಟ್ಟು ಬಿಟ್ಟು ತಿರುಗಿ ನೋಡಿದರೆ ಮರೆವು ನಿಧಾನವಾಗುತ್ತದೆ. ಇವತ್ತಿನ ಪದಗಳನ್ನು ನಾಳೆ, ಮೂರನೇ ದಿನ, ವಾರದ ಮೇಲೆ ಮತ್ತೊಮ್ಮೆ ನೋಡಿ. ನೋಡುವಾಗ ಅರ್ಥವನ್ನು ಮುಚ್ಚಿಟ್ಟು ಮೊದಲು ನೀವೇ ಹೇಳಿ. ಸುಮ್ನೆ ಕಣ್ಣಾಡಿಸಿದರೆ ಗೊತ್ತಿದೆ ಅನ್ನುವ ಭ್ರಮೆ ಬರುತ್ತದೆ ಅಷ್ಟೇ.

ಯಾವ 270? ಅಕ್ಷರಮಾಲೆಯ ಸಾಲಿನಲ್ಲಿ ಬೇಡ, ಅರ್ಥದ ಗುಂಪಿನಲ್ಲಿ ಕಲಿಯಿರಿ. ಕಡಿಮೆ ಮಾತಿನ ಗುಂಪಿಗೆ ಲಕಾನಿಕ್, ಟಾಸಿಟರ್ನ್, ರೆಟಿಸೆಂಟ್. ಜಾಸ್ತಿ ಮಾತಿನ ಗುಂಪಿಗೆ ಗ್ಯಾರುಲಸ್, ಲೊಕ್ವೇಶಸ್, ವರ್ಬೋಸ್. ಸೆಂಟೆನ್ಸ್ ಈಕ್ವಿವಲೆನ್ಸ್ ಕೇಳುವುದೇ ಇಂಥ ಜೋಡಿಯನ್ನು. ನಿಖರವಾದ ಅರ್ಥ ನೆನಪಾಗದಿದ್ದರೂ ಇದು ಮೆಚ್ಚುಗೆಯ ಪದವೋ ತೆಗಳಿಕೆಯ ಪದವೋ ಅಂತ ಗೊತ್ತಿದ್ದರೆ ಎಷ್ಟೋ ಸಲ ಆಯ್ಕೆಗಳು ಅರ್ಧಕ್ಕೆ ಇಳಿಯುತ್ತವೆ.

ಮೊದಲ ಆದ್ಯತೆ ಕೊಡಬೇಕಾದದ್ದು ಗೊತ್ತಿದೆ ಅಂದುಕೊಂಡ ಪದಗಳಿಗೆ. ‘ಬಸ್ ಹತ್ತು’ ಅಂದಾಗಲೂ ‘ಹತ್ತು ರೂಪಾಯಿ’ ಅಂದಾಗಲೂ ಹತ್ತು ಹತ್ತೇ, ಅರ್ಥ ಬೇರೆ. ಇಂಗ್ಲಿಷ್‌ನಲ್ಲೂ ಹಾಗೇ. ‘ಕ್ವಾಲಿಫೈ’ ಅಂದರೆ ಅರ್ಹತೆ ಪಡೆಯುವುದು ಮಾತ್ರವಲ್ಲ, ಹೇಳಿದ ಮಾತಿಗೆ ಮಿತಿ ಹಾಕುವುದು ಕೂಡ. ‘ಚೆಕ್’ ಅಂದರೆ ತಡೆಹಿಡಿಯುವುದು. ‘ಫ್ಲ್ಯಾಗ್’ ಅಂದರೆ ಸೊರಗುವುದು. ‘ವಾಂಟ್’ ಅಂದರೆ ಕೊರತೆ. ‘ಟೆಂಪರ್’ ಅಂದರೆ ತಗ್ಗಿಸಿ ಹದಕ್ಕೆ ತರುವುದು. ‘ಪೆಡೆಸ್ಟ್ರಿಯನ್’ ಅಂದರೆ ಸಪ್ಪೆ, ಸ್ವಾರಸ್ಯವಿಲ್ಲದ್ದು. ‘ಸ್ಯಾಂಕ್ಷನ್’ ಅಂದರೆ ಒಪ್ಪಿಗೆಯೂ ಹೌದು, ದಂಡನೆಯೂ ಹೌದು. ಅಪರಿಚಿತ ಪದ ಕಂಡರೆ ನಾವು ಎಚ್ಚರವಾಗುತ್ತೇವೆ. ಪರಿಚಿತ ಪದ ಎಚ್ಚರ ತಪ್ಪಿಸುತ್ತದೆ.

ಕನ್ನಡದವರಿಗೆ ಇಲ್ಲೊಂದು ಸಹಾಯ ಇದೆ, ಹೇಳಲು ನನಗೆ ಖುಷಿ. ಕನ್ನಡ ದ್ರಾವಿಡ ಭಾಷೆ. ಆದರೆ ನಾವು ಬಳಸುವ ಸಂಸ್ಕೃತ ಮೂಲದ ಪದಗಳಿಗೆ ಗ್ರೀಕ್, ಲ್ಯಾಟಿನ್ ಜೊತೆ ನೆಂಟಸ್ತಿಕೆ ಇದೆ. ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಭಾಷಣದಲ್ಲಿ ಈ ನೆಂಟಸ್ತಿಕೆಯ ಬಗ್ಗೆ ಹೇಳಿದ್ದರು. ಮೃತ್ಯು ಗೊತ್ತಿದ್ದರೆ ಮಾರ್ಟಲ್, ಮಾರಿಬಂಡ್ ಹತ್ತಿರವಾಗುತ್ತವೆ. ನವ ಗೊತ್ತಿದ್ದರೆ ನಾವೆಲ್ಟಿ, ಇನ್ನೊವೇಟ್. ಪಾದದಿಂದ ಪೆಡೆಸ್ಟ್ರಿಯನ್. ದುರ್ ಅನ್ನುವ ಉಪಸರ್ಗಕ್ಕೆ ಗ್ರೀಕ್‌ನ ಡಿಸ್ ನೆಂಟ, ಡಿಸ್‌ಫಂಕ್ಷನ್‌ನಲ್ಲಿ ಇರುವುದು ಅದೇ. ಅಧರ್ಮದ ‘ಅ’ ಮತ್ತು ಅಮಾರಲ್, ಅನಾರ್ಕಿಯ ಮೊದಲ ಸದ್ದು ಕೂಡ ಒಂದೇ ಮೂಲದವು. ಆದರೆ ಇದು ಊಹೆಗೆ ಊರುಗೋಲು ಮಾತ್ರ. ಸದ್ದು ಹೋಲಿತು ಅಂತ ಉತ್ತರ ಬರೆಯಬೇಡಿ, ವಾಕ್ಯ ಒಪ್ಪಬೇಕು.

ತಪ್ಪುಗಳಿಗೆ ಒಂದು ನೋಟ್‌ಬುಕ್

ದಿನಕ್ಕೆ ಐವತ್ತು ಪ್ರಶ್ನೆ ಬಿಡಿಸಿ ಅಂಕ ಎಣಿಸುವವರಿಗಿಂತ, ಹದಿನೈದು ಪ್ರಶ್ನೆ ಬಿಡಿಸಿ ತಪ್ಪುಗಳ ಮುಂದೆ ಒಂದು ಗಂಟೆ ಕೂರುವವರು ಬೇಗ ಮುಂದೆ ಹೋಗುತ್ತಾರೆ ಅನ್ನುವುದು ನನ್ನ ಅನುಭವ. ಪ್ರತಿ ತಪ್ಪಿಗೂ ಕಾರಣ ಬರೆಯಿರಿ. ಪದ ಗೊತ್ತಿರಲಿಲ್ಲವಾ? ತಿರುವು ತಪ್ಪಿತಾ? ಎರಡರ ನಡುವೆ ನಿಂತು ತಪ್ಪಾದದ್ದನ್ನು ಆರಿಸಿದೆನಾ? ಸಮಯ ಸಾಲಲಿಲ್ಲವಾ? ಮೂರನೆಯದಿದ್ದರೆ ಇನ್ನೂ ಒಂದು ಸಾಲು ಬರೆಯಿರಿ: ನಾನು ಆರಿಸಿದ್ದು ಯಾವ ಪದದಿಂದ ತಪ್ಪಾಯಿತು? ಅದೃಷ್ಟಕ್ಕೆ ಸರಿಯಾದ ಉತ್ತರವನ್ನೂ ತಪ್ಪುಗಳ ಜೊತೆಗೇ ಬರೆದುಕೊಳ್ಳಿ.

ನಾಲ್ಕು ದಿನ ಬರೆದರೆ ನಿಮ್ಮದೇ ಒಂದು ಚಾಳಿ ಕಾಣುತ್ತದೆ. ಅಕ್ಕನ ಮಗಳ ನೋಟ್‌ಬುಕ್ಕಿನಲ್ಲಿ ‘ಕೊನೆಯ ಸಾಲು ಓದಲಿಲ್ಲ’ ಅಂತ ಆರು ಸಲ ಬಂದಿತ್ತು. ವಾಕ್ಯದ ಮುಕ್ಕಾಲು ಓದುವಷ್ಟರಲ್ಲಿ ಅವಳ ಕಣ್ಣು ಉತ್ತರಗಳ ಕಡೆ ಓಡುತ್ತಿತ್ತು. ಇದನ್ನು ಯಾವ ಪದಪಟ್ಟಿಯೂ ಅವಳಿಗೆ ಹೇಳುತ್ತಿರಲಿಲ್ಲ.

ಅಭ್ಯಾಸಕ್ಕೆ ಇಟಿಎಸ್‌ನವರದ್ದೇ ಪ್ರಶ್ನೆಗಳನ್ನು ಬಳಸಿ. ಪವರ್‌ಪ್ರೆಪ್ ಅನ್ನುವ ಹೆಸರಿನಲ್ಲಿ ಎರಡು ಪೂರ್ಣ ಪರೀಕ್ಷೆಗಳನ್ನು ಅವರು ಉಚಿತವಾಗಿ ಕೊಡುತ್ತಾರೆ. ಒಂದನ್ನು ಶುರುವಿನಲ್ಲಿ, ಇನ್ನೊಂದನ್ನು ಪರೀಕ್ಷೆಗೆ ವಾರ ಇರುವಾಗ ಬರೆಯಿರಿ. ಹಿಂದಿನ ದಿನಕ್ಕೆ ಉಳಿಸಿಕೊಳ್ಳಬೇಡಿ. ಅವತ್ತು ಕಂಡ ತಪ್ಪನ್ನು ತಿದ್ದಲು ಸಮಯವೇ ಇರುವುದಿಲ್ಲ.

ಒಂದು ಮಾತನ್ನು ಬಿಚ್ಚಿ ಹೇಳಬೇಕು. ತಿರುವು ತಪ್ಪುವುದು, ಅವಸರ, ಸಮಯ ಹಂಚದಿರುವುದು, ಇವೆಲ್ಲ ಮೂರು ವಾರದಲ್ಲಿ ತಿದ್ದಿಕೊಳ್ಳಬಹುದಾದ ತಪ್ಪುಗಳು. ಇಂಗ್ಲಿಷ್ ಪ್ಯಾರಾವನ್ನೇ ಓದಲು ತುಂಬಾ ಹೊತ್ತು ಹಿಡಿಯುತ್ತದೆ ಅನ್ನುವುದು ಮೂರು ವಾರದಲ್ಲಿ ಹೋಗುವ ತೊಂದರೆಯಲ್ಲ. ಅದಕ್ಕೆ ತಿಂಗಳುಗಟ್ಟಲೆ ಓದಿನ ರೂಢಿ ಬೇಕು. ನಿಮ್ಮದು ಎರಡನೆಯದಾಗಿದ್ದು ಅರ್ಜಿಗೆ ಸಮಯ ಇದ್ದರೆ ಪರೀಕ್ಷೆಯ ದಿನವನ್ನೇ ಮುಂದಕ್ಕೆ ಹಾಕುವ ಬಗ್ಗೆ ಯೋಚಿಸಿ. ನೀವು ಅರ್ಜಿ ಹಾಕುವ ವಿಭಾಗ ಜಿಆರ್‌ಇ ಕೇಳುತ್ತದಾ ಅಂತಲೂ ನೋಡಿ. 2020ರ ನಂತರ ಅನೇಕ ವಿಭಾಗಗಳು ಅದನ್ನು ಕಡ್ಡಾಯದಿಂದ ತೆಗೆದಿವೆ.

ಗಡಿಯಾರ ಮತ್ತು ಊಹೆಯ ಲೆಕ್ಕ

ಸರಾಸರಿ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಆದರೆ ಸಮನಾಗಿ ಹಂಚಬಾರದು. ಖಾಲಿ ಜಾಗದ ಪ್ರಶ್ನೆಗಳನ್ನು ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಸಿದರೆ ಉಳಿದದ್ದು ಗದ್ಯಕ್ಕೆ ಸಿಗುತ್ತದೆ. ಒಂದು ಸುತ್ತಿನೊಳಗೆ ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಿ ಮತ್ತೆ ವಾಪಸ್ ಬರಬಹುದು. ಸುತ್ತು ಮುಗಿದ ಮೇಲೆ ಬರಲಾಗದು.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಆದರೆ ಅರೆಬರೆ ಸರಿಗೆ ಅಂಕವೂ ಇಲ್ಲ. ಮೂರು ಖಾಲಿ ಜಾಗದಲ್ಲಿ ಎರಡು ಸರಿ, ಒಂದು ತಪ್ಪಾದರೆ ಸಿಗುವುದು ಸೊನ್ನೆ. ಇದರಿಂದ ಊಹೆಯ ಬೆಲೆ ಪ್ರಶ್ನೆಯಿಂದ ಪ್ರಶ್ನೆಗೆ ಬದಲಾಗುತ್ತದೆ. ಐದು ಆಯ್ಕೆಯ ಪ್ರಶ್ನೆಯಲ್ಲಿ ಕಣ್ಣುಮುಚ್ಚಿ ಊಹಿಸಿದರೆ ಐದರಲ್ಲಿ ಒಂದು ಅವಕಾಶ. ‘ಸರಿಯಾದವೆಲ್ಲ ಆರಿಸಿ’ ಪ್ರಶ್ನೆಯಲ್ಲಿ ಏಳರಲ್ಲಿ ಒಂದು. ಎರಡು ಖಾಲಿ ಜಾಗಕ್ಕೆ ಮೂರು ಮೂರು ಆಯ್ಕೆ ಇದ್ದರೆ ಒಂಬತ್ತರಲ್ಲಿ ಒಂದು. ಆರರಲ್ಲಿ ಎರಡು ಆರಿಸುವಲ್ಲಿ ಹದಿನೈದರಲ್ಲಿ ಒಂದು. ಮೂರು ಖಾಲಿ ಜಾಗದ್ದರಲ್ಲಿ ಇಪ್ಪತ್ತೇಳರಲ್ಲಿ ಒಂದು. ಮೂರು ಖಾಲಿ ಜಾಗದ ಪ್ರಶ್ನೆ ಜಗ್ಗದಿದ್ದರೆ ಅಲ್ಲೇ ಹಠ ಹಿಡಿಯಬೇಡಿ. ಏನೋ ಒಂದು ಒತ್ತಿ, ಗುರುತು ಹಾಕಿ ಮುಂದೆ ಹೋಗಿ. ಆ ಎರಡು ನಿಮಿಷದಲ್ಲಿ ಕೈಗೆ ಸಿಗುವ ಎರಡು ಪ್ರಶ್ನೆ ಮುಂದೆ ಕಾಯುತ್ತಿರಬಹುದು.

ಕೊನೆಯ ದಿನಗಳು, ಮತ್ತೊಮ್ಮೆ ಬರೆಯುವ ಲೆಕ್ಕ

ಕೊನೆಯ ಎರಡು ದಿನ ಹೊಸ ಪದ ಬೇಡ. ತಪ್ಪುಗಳ ನೋಟ್‌ಬುಕ್ ತಿರುವಿ ಹಾಕಿ, ಮಾಮೂಲಿ ಹೊತ್ತಿಗೆ ಮಲಗಿ. ಪರೀಕ್ಷೆ ಶುರುವಾಗುವುದು ಅರ್ಧ ಗಂಟೆಯ ಪ್ರಬಂಧದಿಂದ. ನಡುವೆ ವಿರಾಮ ಇಲ್ಲ. ಅದಕ್ಕೇ ಹಿಂದಿನ ವಾರ ಎರಡು ಗಂಟೆ ಒಂದೇ ಸಮ ಕೂತು ಓದುವ ರೂಢಿ ಮಾಡಿಕೊಳ್ಳಿ. ನಿಮ್ಮ ಪರೀಕ್ಷೆ ಯಾವ ಹೊತ್ತಿಗಿದೆಯೋ ಅದೇ ಹೊತ್ತಿಗೆ.

ಮುಗಿದ ಕೂಡಲೇ ವರ್ಬಲ್, ಗಣಿತದ ಅಂಕ ಪರದೆಯ ಮೇಲೆ ಕಾಣುತ್ತವೆ. ಅಧಿಕೃತ ಅಂಕ ಬರಲು 8ರಿಂದ 10 ದಿನ ಬೇಕು. ಅಂಕ ಸಾಲದಿದ್ದರೆ 21 ದಿನ ಬಿಟ್ಟು ಮತ್ತೆ ಬರೆಯಬಹುದು, ಹನ್ನೆರಡು ತಿಂಗಳಲ್ಲಿ ಐದು ಸಲದವರೆಗೆ. ಹಲವು ಸಲ ಬರೆದಿದ್ದರೆ ಯಾವ ಸಲದ ಅಂಕ ಕಳಿಸಬೇಕು ಅನ್ನುವುದನ್ನು ನೀವೇ ಆರಿಸಬಹುದು. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ.

ಈ ದಿನಗಳನ್ನು ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ಅರ್ಜಿಯ ಕೊನೆಯ ದಿನ ಡಿಸೆಂಬರ್ 15 ಅಂದುಕೊಳ್ಳೋಣ. ಅಕ್ಟೋಬರ್ 25ಕ್ಕೆ ಪರೀಕ್ಷೆ ಬರೆದವರು ನವೆಂಬರ್ 15ಕ್ಕೆ ಮತ್ತೊಮ್ಮೆ ಕೂರಬಹುದು, ನವೆಂಬರ್ 25ರ ಹೊತ್ತಿಗೆ ಅಂಕ ಕೈಗೆ ಬರುತ್ತದೆ. ನವೆಂಬರ್ 20ಕ್ಕೆ ಮೊದಲ ಸಲ ಬರೆದವರಿಗೆ ಮುಂದಿನ ಅವಕಾಶ ಡಿಸೆಂಬರ್ 11ಕ್ಕೆ, ಅಂಕ ಬರುವಷ್ಟರಲ್ಲಿ ಅರ್ಜಿಯ ದಿನ ದಾಟಿರುತ್ತದೆ. ಅಕ್ಕನ ಮಗಳು ಪರೀಕ್ಷೆಗೆ ಹೋಗುವ ಮೊದಲೇ ಗೋಡೆಯ ಕ್ಯಾಲೆಂಡರ್‌ನಲ್ಲಿ ಎರಡನೇ ದಿನಾಂಕಕ್ಕೂ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿಟ್ಟಳು.